ಮಡಿಯಲ್ಲಿದ್ದ ಅತ್ತೆಗೆ ಬಂದ ಫೋನು

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಕಂಪ್ಲಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಹೊಸಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಯಾರ ಮುಂದೂ ಕೈಚಾಚಿದವಳಲ್ಲ. ಅದೇ ಅವಳ ಜಂಬ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಾನು ವಾರದ ರಜೆಗೆ ಅವಳ ಮನೆಗೆ ಹೋಗುತ್ತಿದ್ದೆ. ಉಣ್ಣಲಿಕ್ಕೆ ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ಭಾನುವಾರ ಅತ್ತೆ ಮಡಿಯುಟ್ಟು ಅಡುಗೆ ಮಾಡುತ್ತಿದ್ದಳು. ಮಡಿಯಲ್ಲಿದ್ದಾಗ ಅವಳು ನಮ್ಮನ್ನೂ ಮುಟ್ಟುವುದಿಲ್ಲ, ಫೋನನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಎತ್ತಲೇ, ಪಿಂಚಣಿ ಆಫೀಸಿನಂವ. ವಾರದಿಂದ ಮಾಡಾಕತ್ಯಾನ. ಭಾಳ ಛಲೋ ಮನಷಾ.”

ಎತ್ತಿದೆ. “ಅಮ್ಮಾರು ಮಡಿಯಾಗದಾರೇನ್ರಿ? ಹಂಗಾದ್ರ ಅವ್ರಿಗೆ ತ್ರಾಸ ಬ್ಯಾಡ. ಲೈಫ್ ಸರ್ಟಿಫಿಕೇಟಿಂದು ಈಗೊಂದು ನಂಬರ್ ಬಂದೈತಿ, ನೀವಾ ಓದಿಬಿಡ್ರಿ” ಅಂದಿತು ದನಿ. ಬದುಕಿದ್ದೇನೆಂದು ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಕೊಡುವ ಕಾಗದ ಅದು. ಮಡಿಯ ಮರ್ಯಾದೆ ಬಲ್ಲವನು ಕಳ್ಳನಾಗಿರಲಾರ ಅಂದುಕೊಂಡೆ. ಜೊತೆಗೆ ಹಸಿವು. ಫೋನು ಮುಗಿಯದೆ ನೈವೇದ್ಯವಿಲ್ಲ, ನೈವೇದ್ಯವಾಗದೆ ಊಟವಿಲ್ಲ. ಆರು ಅಂಕಿಯನ್ನೂ ಗಟ್ಟಿಯಾಗಿ ಓದಿಬಿಟ್ಟೆ.

ನಾವು ಕೈತೊಳೆಯುವ ಹೊತ್ತಿಗೆ ಅವಳ ಖಾತೆ ಖಾಲಿಯಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಠಾಣೆಯಲ್ಲಿ, ಬ್ಯಾಂಕಿನಲ್ಲಿ, ನೆಂಟರ ಮುಂದೆ, ಎಲ್ಲ ಕಡೆ ‘ಅತ್ತೆ ಮೋಸ ಹೋದಳು’ ಅಂದೆ. ನಂಬರ್ ಓದಿದವನು ನಾನು ಅನ್ನಲು ಬಾಯಿ ಬರಲಿಲ್ಲ. ಪಕ್ಕದಲ್ಲೇ ಕೂತಿದ್ದ ಅತ್ತೆ ಒಂದು ಸಲವೂ ನನ್ನತ್ತ ಬೆರಳು ತೋರಿಸಲಿಲ್ಲ. “ವಯಸ್ಸಾದವ್ರು, ನೀವಾ ನೋಡ್ಕೋಬೇಕ್ರಿ” ಎಂದು ಪೊಲೀಸರು ಹೇಳಿದಾಗ ದೊಡ್ಡ ಮನುಷ್ಯನಂತೆ ತಲೆಯಾಡಿಸಿದೆ.

ನೋಡಿಕೊಂಡೆ ಕೂಡ. ಅವಳ ದೊಡ್ಡ ಫೋನು ಕಿತ್ತುಕೊಂಡು ಗುಂಡಿ ಒತ್ತುವ ಸಾದಾ ಫೋನು ಕೊಟ್ಟೆ. ಬ್ಯಾಂಕಿನ ಕಾರ್ಡು ನನ್ನ ಜೇಬಿಗೆ ಬಂತು. ಅತ್ತೆ ಹೊಸ ಕನ್ನಡಕಕ್ಕೂ ನನ್ನನ್ನು ಕೇಳುವಂತಾದಳು. ದಿನಾ ಸಂಜೆ ಫೋನು ಮಾಡುತ್ತಿದ್ದೆ.

“ಯಾರರೆ ಫೋನ್ ಮಾಡಿದ್ರೇನು?”

“ಇಲ್ಲ.”

“ಯಾರಿಗೂ ಏನೂ ಹೇಳಬ್ಯಾಡ.”

“ಹ್ಞೂಂ.”

ಅಷ್ಟೇ ನಮ್ಮ ಮಾತು. ಭಾನುವಾರದ ಊಟವೂ ಸುಮ್ಮನೆ ಮುಗಿಯತೊಡಗಿತು. ನಡುವೆ ಬಾಗಿಲು ಹಾಕಿಕೊಂಡಂತಾಗಿತ್ತು, ಹಾಕಿದವನು ನಾನೇ. ಕಾರ್ಖಾನೆಯ ಕ್ವಾರ್ಟರ್ಸಿಗೆ ಮರಳಿದರೆ ನನಗೂ ಮಾತಿಗೆ ಯಾರೂ ಇರಲಿಲ್ಲ.

ಒಂದು ಭಾನುವಾರ ಆ ಮೌನ ತಡೆಯಲಾರದೆ ಸಿಡುಕಿದೆ. “ವಾರಪೂರ್ತಿ ಆ ಕಳ್ಳನ ಜೋಡಿ ಏನ್ ಮಾತಾಡ್ತಿದ್ದಿ ಅತ್ಯಾ?”

ಅತ್ತೆ ಹೆಸರುಕಾಳು ಆರಿಸುತ್ತಲೇ ಹೇಳಿದಳು. “ಕಂಪ್ಲಿ ಸಾಲಿ ಹೆಂಗಿತ್ರೀ ಅಂತ ಕೇಳಿದ. ಹೊಳಿ ದಾಟಿ ಮಕ್ಕಳು ಬರ್ತಿದ್ದದ್ದು, ಮೊದಲ್ನೇ ದಿನ ನಾ ಹೆದರಿ ಅತ್ತದ್ದು, ಎಲ್ಲಾ ಕೇಳಿದ. ನಡುವ ಒಮ್ಮೆನೂ ಬಾಯಿ ಹಾಕಲಿಲ್ಲ.”

ಅತ್ತೆ ಎಂದಾದರೂ ಅತ್ತಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಹತ್ತಿರ ಸರಿದು, “ನನಗೂ ಹೇಳು ಅತ್ಯಾ” ಅಂದೆ.

ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ.

“ಬ್ಯಾಡ ಬಿಡಪ್ಪಾ. ಇದ್ದದ್ದೆಲ್ಲಾ ಅವನ ಮುಂದ ಹೇಳಿ ಮುಗಿಸೀನಿ.”