ಅರವತ್ತೆರಡಕ್ಕೆ ಕಡಿಮೆ ಇಲ್ಲ

ಸಿಂದಗಿಯಲ್ಲಿದ್ದ ನಮ್ಮಕ್ಕನ ಎದೆಯಲ್ಲಿ ಗಂಟು ಕಂಡಾಗ ಡಾಕ್ಟರು ತಡಮಾಡದೆ ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿರಿ ಎಂದರು. ತೀರಿಹೋದ ಭಾವ ಸೋಲಾಪುರದ ಒಂದು ಬಟ್ಟೆ ಗಿರಣಿಯ ಐವತ್ತು ಶೇರು ಬಿಟ್ಟಿದ್ದ. ಅಕ್ಕ ಅವುಗಳಿಗೆ ಸಹಿ ಮಾಡಿ ನನ್ನ ಕೈಗಿಟ್ಟಳು.

"ಬಂದಷ್ಟಕ್ಕ ಮಾರಿ ಬಾರೋ ತಮ್ಮಾ."

ನಾನು ಇಂಡಿಯಲ್ಲಿ ಗಣಿತದ ಮಾಸ್ತರ. ಲೆಕ್ಕ ನನಗೇ ಗೊತ್ತು ಎಂಬ ಜಂಬ. ರೈಲು ಹತ್ತಿ ಸೋಲಾಪುರದ ಶೇರು ದಲಾಲನ ಬಳಿ ಹೋದೆ.

"ಇದರ ಮ್ಯಾಲೆ ನೂರು ರೂಪಾಯಿ ಅಂತ ಅಚ್ಚಾಗೇತಲ್ರಿ?" ಎಂದೆ.

"ಅದು ಗಿರಣಿಯವರು ಹಾಕಿದ್ದು, ಮಾಸ್ತರ್ರ. ಬಾಜಾರದಾಗ ಕೊಳ್ಳಾವ ಇವತ್ತು ಅರವತ್ತು ಅನ್ನಾಕತ್ತಾನ, ಮಾರಾವ ಅರವತ್ತೆರಡು ಕೇಳಾಕತ್ತಾನ. ಇಬ್ಬರೂ ಎಲ್ಲಿ ಒಪ್ಪತಾರೋ ಅದ ರೇಟು. ಇವತ್ತ ರೊಕ್ಕ ಬೇಕಂದ್ರ ಅರವತ್ತಕ್ಕ ಕೊಡ್ರಿ. ಅರವತ್ತೆರಡು ಅಂತ ಬರಸಿದ್ರ ಅಷ್ಟು ಕೊಡಾವ ಬರೂತನಕ ಕಾಯಬೇಕು."

ಐವತ್ತು ಶೇರಿಗೆ ಎರಡೆರಡು ರೂಪಾಯಿ ಹೆಚ್ಚು ಸಿಕ್ಕರೆ ನೂರು. ನನ್ನ ಒಂದು ತಿಂಗಳ ಪಗಾರಕ್ಕಿಂತ ಹೆಚ್ಚು. ಅರವತ್ತೆರಡಕ್ಕೆ ಕಡಿಮೆ ಇಲ್ಲ ಎಂದು ಬರೆಸಿ ಬಂದೆ.

ವಾರದ ಮೇಲೆ ದಲಾಲನ ಕಾರ್ಡು ಬಂತು: ಕೊಳ್ಳುವವರ ರೇಟು ಅರವತ್ತೊಂದಕ್ಕೆ ಏರಿದೆ. ಇನ್ನೊಂದೇ ರೂಪಾಯಿ ಎಂದು ನಾನು ಹಿಗ್ಗಿದೆ. ಮುಂದಿನ ಕಾರ್ಡಿನಲ್ಲಿ ಗಿರಣಿಯ ಬಾಗಿಲು ಮುಚ್ಚಿದ ಸುದ್ದಿ, ನಲವತ್ತೈದಕ್ಕೆ ಕೊಳ್ಳುವವನೊಬ್ಬನಿದ್ದಾನೆ. ನಾನು ಐವತ್ತೆಂದು ಬರೆದೆ. ನನ್ನ ಕಾಗದ ಮುಟ್ಟುವಷ್ಟರಲ್ಲಿ ಮೂವತ್ತೆಂಟಾಗಿತ್ತು. ನಲವತ್ತೆಂದು ಬರೆದೆ. ಆಮೇಲೆ ಕೇಳುವವರೇ ಇಲ್ಲ.

"ಮಾರಿದೇನೋ?" ಎಂದು ನಾನು ಸಿಂದಗಿಗೆ ಹೋದಾಗಲೆಲ್ಲ ಅಕ್ಕ ಕೇಳುತ್ತಿದ್ದಳು. "ಮಾರೇನಿ, ರೊಕ್ಕ ಬರೂದೈತಿ" ಎನ್ನುತ್ತಿದ್ದೆ. ಅವಳು ಸೆರಗಿನ ಮರೆಯಲ್ಲಿ ಎದೆ ಒತ್ತಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು.

ಮೂರು ತಿಂಗಳಾದ ಮೇಲೆ ಖುದ್ದು ಸೋಲಾಪುರಕ್ಕೆ ಹೋಗಿ ಇಪ್ಪತ್ತೆರಡಕ್ಕೆ ಕೊಟ್ಟೆ. ಕಡಿಮೆ ಬಿದ್ದದ್ದಕ್ಕೆ ಹೆಂಡತಿಯ ಕೈಯ ಬಂಗಾರದ ಪಾಟ್ಲಿ ಮಾರಿದೆ. ಮಿರಜಿನ ಡಾಕ್ಟರು ಅಕ್ಕನ ಕಂಕುಳು ಮುಟ್ಟಿ ನೋಡಿ ನನ್ನನ್ನು ಹೊರಗೆ ಕರೆದರು.

"ಇಷ್ಟು ದಿನ ಎಲ್ಲಿದ್ರಿ?"

ಗಂಟು ಕಂಕುಳಿಗೂ ಹಬ್ಬಿತ್ತು; ಆಪರೇಷನ್ ಮಾಡಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬಯ್ಯಲಿಲ್ಲ.

"ಆ ಹೆಚ್ಚಿನ ನೂರು ರೂಪಾಯಿಲೇ ಏನು ಮಾಡಾಂವಿದ್ದಿ?" ಎಂದು ಕೇಳಿದಳು.

"ನಿನಗ ಔಷಧಕ್ಕ" ಎಂದೆ. ಅದು ನಿಜವಾಗಿರಲಿಲ್ಲ. ಏನು ಮಾಡಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಬಿಡಬಾರದು ಅನ್ನಿಸಿತ್ತು, ಅಷ್ಟೇ. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಬೇಸಿಗೆ ಮುಗಿಯುವ ಮೊದಲೇ ಸಿಂದಗಿಯಲ್ಲಿ ತೀರಿಕೊಂಡಳು.