ಅತ್ಯಾ, ಪುಟಾಣಿ ಮತ್ತು ದೇವರ ಕೋಣೆಯ ಹೊಸ್ತಿಲು

ನನ್ನ ತಂದೆಯ ತಂಗಿ, ನನ್ನ ಅತ್ಯಾ, ಭಾಗೀರಥಿಬಾಯಿ ಮೂವತ್ತೊಂದನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ರಾಮದುರ್ಗದ ನಮ್ಮ ಮನೆಗೆ ಬಂದವಳು. ಈಗ ಅವಳಿಗೆ ಅರವತ್ನಾಲ್ಕು. ಇಷ್ಟು ವರ್ಷಗಳಲ್ಲಿ ತನಗಾಗಿ ಏನನ್ನಾದರೂ ಕೇಳಿದ್ದು ಒಂದೇ ಸಲ. ಕಳೆದ ಜೂನ್‌ನಲ್ಲಿ, ನಾನು ಕೆಲಸ ಮಾಡುವ ನೀರಿನ ಪ್ರಯೋಗಾಲಯದ ಗೆಳೆಯರೊಬ್ಬರ ಪಾಮೇರಿಯನ್ ನಾಯಿ ಮರಿ ಹಾಕಿತ್ತು. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅತ್ಯಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಭಾರ್ಗವಾ, ಇದರಾಗಿಂದ ಒಂದ ನನಗ ತಂದುಕೊಡ್ತೀ ಏನೋ?"

ಅಪ್ಪ ಜಪ ನಿಲ್ಲಿಸಿ ನಕ್ಕರು. "ಭಾಗೀ, ನಿನ್ನ ಮಡಿ ಒಂದ ಕಡೆ, ನಾಯಿ ಒಂದ ಕಡೆ. ಎರಡೂ ಹೆಂಗ ಸಂಭಾಳಸ್ತಿ?"

"ಹೊರಗ ಹೋಗೂದು ಕಲಸ್ತೀನಿ, ಅಣ್ಣಾ."

"ಶ್ರಾವಣ ಹುಟ್ಟೂತನಕ ನೋಡತೀನಿ. ಕಲೀಲಿಲ್ಲಂದ್ರ ಅದರ ಸಾಮಾನ ಕಟ್ಟು."

"ಅದರ ಸಾಮಾನರ ಏನದ? ಒಂದ ಬಾಲ."

ಮರಿ ಹುರಿಗಡಲೆಯ, ಅಂದರೆ ನಮ್ಮ ಕಡೆಯ ಪುಟಾಣಿಯ, ಬಣ್ಣದ್ದು. ಅತ್ಯಾ ಅದಕ್ಕೆ ಪುಟಾಣಿ ಎಂದು ಹೆಸರಿಟ್ಟಳು. ನಾನು ವೇಳಾಪಟ್ಟಿ ಬರೆದುಕೊಟ್ಟೆ: ಎದ್ದ ಕೂಡಲೇ, ಹಾಲು ಕುಡಿದ ಹದಿನೈದು ನಿಮಿಷಕ್ಕೆ, ಆಡಿ ದಣಿದ ಮೇಲೆ, ಉಳಿದ ಹೊತ್ತು ಎರಡು ಗಂಟೆಗೊಮ್ಮೆ, ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಒಯ್ಯಬೇಕು. ಅತ್ಯಾ ಅದನ್ನು ಒಂದು ನಿಮಿಷವೂ ತಪ್ಪಿಸಲಿಲ್ಲ. ಮರಿಯನ್ನು ಮುಟ್ಟಿದ್ದಕ್ಕಾಗಿ ಅಡುಗೆಗೆ ಮುಂಚೆ ಮತ್ತೆ ಸ್ನಾನ ಮಾಡುತ್ತಿದ್ದಳು. ಕೆಲವು ದಿನ ನಾಲ್ಕು ಸ್ನಾನಗಳಾದವು.

ಹೊರಗೆ ಒಯ್ದರೆ ಪುಟಾಣಿ ಸುಮ್ಮನೆ ಮೂಸಿ ನೋಡುತ್ತಿತ್ತು. ಒಳಗೆ ಬಂದ ಮೇಲೆ ನೆಟ್ಟಗೆ ದೇವರ ಕೋಣೆಯ ಹೊಸ್ತಿಲಿಗೆ ಹೋಗಿ ಕೂತು ಒದ್ದೆ ಮಾಡುತ್ತಿತ್ತು. ಅತ್ಯಾ ಒರೆಸಿ, ನೀರು ಹಾಕಿ, ಕೊನೆಗೆ ಶುದ್ಧಿಗೆಂದು ಗೋಮೂತ್ರ ಚಿಮುಕಿಸುತ್ತಿದ್ದಳು. ಕಟಕೋಳದ ಸತ್ಯವ್ವ ಪ್ರತಿ ಗುರುವಾರ ಬಸ್ಸಿನಲ್ಲಿ ಬಂದು ಬೆಣ್ಣೆಯ ಜೊತೆ, ಅತ್ಯಾ ಮೊದಲಿನಿಂದಲೂ ದಿನಾ ಆ ಹೊಸ್ತಿಲಿಗೆ ಚಿಮುಕಿಸುತ್ತಿದ್ದ ಗೋಮೂತ್ರದ ಒಂದು ಬಾಟಲಿಯನ್ನೂ ಕೊಡುತ್ತಿದ್ದಳು. ಮರಿ ಬಂದ ಮೇಲೆ ಅತ್ಯಾ ಎರಡು ಬಾಟಲಿ ತರಿಸತೊಡಗಿದಳು.

ನಾನು ವಹಿಯಲ್ಲಿ ದಿನ, ಹೊತ್ತು, ಜಾಗ ಮೂರನ್ನೂ ಬರೆದಿಟ್ಟಿದ್ದೆ. ಮೂರು ವಾರಗಳಲ್ಲಿ ಒಳಗೆ ಹತ್ತೊಂಬತ್ತು ಸಲ. ಮೊದಲ ಎರಡನ್ನು ಬಿಟ್ಟರೆ ಉಳಿದವೆಲ್ಲ ಆ ಹೊಸ್ತಿಲಿನಿಂದ ಎರಡು ಅಡಿಯೊಳಗೆ. ಅಲ್ಲಿಯ ಕಲ್ಲು ತಂಪಾಗಿದೆ, ಅದಕ್ಕೇ ಇರಬೇಕು ಎಂದುಕೊಂಡು ಪುಟ ತಿರುವಿದೆ. ದಿನವಿಡೀ ನೀರಿನ ಮಾದರಿಗಳ ವಾಸನೆ ನೋಡುವುದು ನನ್ನ ಕೆಲಸ. ಮನೆಯ ಹೊಸ್ತಿಲಿಗೆ ನಾನು ಬಗ್ಗಿ ನೋಡಲಿಲ್ಲ.

ನಾಲ್ಕನೆಯ ವಾರ ಅತ್ಯಾ ಹಳೆಯ ಪೇಪರು ಸುರುಳಿ ಸುತ್ತಿ ಹೊಡೆದಳು. ಅವಳು ಯಾರ ಮೇಲಾದರೂ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊಡೆದ ಮೇಲೆ ಪೇಪರು ಅಲ್ಲೇ ಬಿಟ್ಟು ಹಿತ್ತಲಿಗೆ ಹೋಗಿ ನಿಂತಳು. ಆ ಮೇಲೆ ಯಾರು ಪೇಪರು ಬಿಡಿಸಿದರೂ ಮರಿ ಬೀಸುವ ಕಲ್ಲಿನ ಹಿಂದೆ ಅಡಗತೊಡಗಿತು.

ಶ್ರಾವಣದ ಮೊದಲ ದಿನ ಅಪ್ಪ ತುಂಬಿದ ತಂಬಿಗೆ ಹಿಡಿದು ಬಂದಾಗ ಹೊಸ್ತಿಲು ಒದ್ದೆಯಾಗಿತ್ತು. ಅವರು ಅತ್ಯಾಳನ್ನು ನೋಡಿದರು. ಆ ಗುರುವಾರ ಸತ್ಯವ್ವನ ಖಾಲಿ ಬುಟ್ಟಿಯಲ್ಲಿ ಪುಟಾಣಿ ಕಟಕೋಳಕ್ಕೆ ಹೋಯಿತು.

ಮುಂದಿನ ಗುರುವಾರ ಸತ್ಯವ್ವ ಪಡಸಾಲೆಯಲ್ಲಿ ಕೂರುವ ಮೊದಲೇ ಹೇಳಿದಳು: "ನಾಕ ದಿನದಾಗ ಕಲತೈತ್ರಿ ಬಾಯಾರ. ನಾವೇನ ಕಲಸಿಲ್ಲ ಬಿಡ್ರಿ. ಎದ್ದ ಕೂಡಲೇ ದನದ ಕೊಟಗಿಗಿ ಓಡತೈತಿ. ಆಕಳ ಉಚ್ಚಿ ಹೊಯ್ದ ಜಾಗಾ ಹುಡಿಕಿ, ತಾನೂ ಅಲ್ಲೇ ಹೊಯ್ದ ಬರತೈತಿ. ಭಾಳ ಶಾಣ್ಯಾ ಐತಿ!"

ಅತ್ಯಾ ಬೆಣ್ಣೆಯ ಬೋಗುಣಿಯನ್ನು ಕೆಳಗಿಟ್ಟಳು. ಪಕ್ಕದಲ್ಲಿದ್ದ ಗೋಮೂತ್ರದ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಅದನ್ನು ನನ್ನ ಕಡೆ ಹಿಡಿದಳು.

"ನಾ ಶುದ್ಧ ಮಾಡ್ಲಿಕತ್ತೀನಿ ಅಂತ ತಿಳಕೊಂಡಿದ್ದೆ, ಭಾರ್ಗವಾ. ದಿನಾ ಅದಕ್ಕ ನಾನ ಜಾಗಾ ತೋರಸ್ತಿದ್ದೆ. ತೋರಿಸಿ, ಮ್ಯಾಲೆ ಹೊಡದೆ."

ಇದನ್ನು ನಾನು ಪರೀಕ್ಷಿಸಿ ನೋಡಿಲ್ಲ, ಖಚಿತವೆಂದು ಹೇಳಲಾರೆ. ಆದರೆ ನನ್ನ ವಹಿಯ ಹದಿನೇಳು ಸಾಲುಗಳಿಗೆ ಇದಕ್ಕಿಂತ ಸರಿಯಾದ ಕಾರಣ ನನಗೆ ತಿಳಿದಿಲ್ಲ.

"ನಾಳೆ ಹೋಗಿ ಕರಕೊಂಡ ಬರತೀನಿ, ಅತ್ಯಾ. ಅಪ್ಪಗ ನಾ ಹೇಳತೀನಿ," ಎಂದೆ.

ಸತ್ಯವ್ವ ಸೆರಗಿನ ಅಂಚು ತಿರುವುತ್ತಾ, "ನಿಮ್ಮದ ಐತ್ರಿ, ಒಯ್ರಿ," ಎಂದಳು. ಆಮೇಲೆ, "ನಮ್ಮ ಮೊಮ್ಮಗಳು ರಾಣಿ ಸಾಲಿಯಿಂದ ಬರೂತನಕ ಬಾಗಲಾಗ ಕುಂತಿರತೈತಿ," ಎಂದಳು.

ಅತ್ಯಾ ಕೈಯಾಡಿಸಿ ಬೇಡವೆಂದಳು. "ಪೇಪರ್ ಕಂಡ್ರ ಇನ್ನೂ ಅಂಜತದೇನ, ಸತ್ಯವ್ವಾ?"

"ನಮ್ಮನಿಗಿ ಪ್ಯಾಪರ ಎಲ್ಲಿ ಬರತೈತ್ರಿ?"

ಅತ್ಯಾ ಬೋಗುಣಿಯನ್ನು ಬರಿದು ಮಾಡಿ ತೊಳೆದಳು. ಅದರಲ್ಲಿ ಬೆಳಿಗ್ಗೆಯ ಹಾಲಿನ ಕೆನೆ ಹಾಕಿ ಮುಚ್ಚಿ ಹಿಂದಕ್ಕೆ ಕೊಟ್ಟಳು.

"ಹೈನದ ಮನಿಗಿ ಕೆನಿ ಕೊಡ್ತೀರೇನ್ರಿ ಬಾಯಾರ!" ಎಂದು ಸತ್ಯವ್ವ ನಕ್ಕಳು.

"ನಿನಗಲ್ಲ. ಅದಕ್ಕ," ಎಂದಳು ಅತ್ಯಾ.

ಪುಟಾಣಿಗೆ ಕೆನೆ ಇಷ್ಟವೆಂಬುದು ನನ್ನ ವಹಿಯಲ್ಲಿ ಎಲ್ಲಿಯೂ ಇರಲಿಲ್ಲ.