ಗಿರಣಿ ಮುನಿಯಪ್ಪನವರ ಜಾಮೀನು

ಗಿರಣಿ ಮುನಿಯಪ್ಪನವರು ಮೆಲ್ಲಗೆ ಮಾತನಾಡುತ್ತಿದ್ದುದು ಮರಗಳ ಮುಂದೆ ಮಾತ್ರ. ಮಿಕ್ಕಂತೆ ಅವರದು ಊರಿಗೆಲ್ಲ ಕೇಳುವ ಗಂಟಲು. ಯಲಹಂಕದ ಹಳೇ ಪೇಟೆಯಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಅದರ ಎಂಜಿನ್ನಿನ ದಡಬಡ ಸದ್ದಿನಲ್ಲೇ ಅರ್ಧ ಆಯಸ್ಸು ಕಳೆದು ಅವರ ಕಿವಿ ಮಂದವಾಗಿತ್ತು. ತಮಗೆ ಕೇಳದ್ದು ಬೇರೆಯವರಿಗೂ ಕೇಳುವುದಿಲ್ಲವೆಂಬ ನಂಬಿಕೆ ಅವರಿಗೆ. "ಊಟ ಆಯ್ತಾ?" ಎಂದು ನಮ್ಮನ್ನು ವಿಚಾರಿಸಿದರೆ ಹಿಂದಿನ ಬೀದಿಯವರೂ ಉತ್ತರ ಕೊಡಬಹುದಾಗಿತ್ತು. ಹುಬ್ಬು, ಮೀಸೆ, ಕಿವಿಯಂಚಿನ ಕೂದಲು, ಎಲ್ಲದರ ಮೇಲೂ ರಾಗಿ ಹಿಟ್ಟು. ಮದುವೆಯಾಗಿ ಆ ಊರಿಗೆ ಬಂದ ಹೊಸದರಲ್ಲಿ ನಾನು ಅವರನ್ನು ಹಣ್ಣು ಮುದುಕರೆಂದೇ ತಿಳಿದಿದ್ದೆ. ಅವರ ತಲೆ ಕಪ್ಪಗೇ ಇದೆ ಎಂದು ಗೊತ್ತಾದ ದಿನ ನನ್ನ ಮರ್ಯಾದೆಯೂ ಹೋಯಿತು.

ಅದು ಐವತ್ತರ ದಶಕದ ನಡುವಿನ ಮಾತು. ನಾನು ತುಮಕೂರು ಪೇಟೆಯಲ್ಲಿ ಬೆಳೆದವಳು. ನಮ್ಮ ಯಜಮಾನರಿಗೆ ಜಾಲಹಳ್ಳಿ ಕಡೆ ಆಗತಾನೇ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಕೆಲಸ, ಮಾವನವರಿಗೆ ತರಕಾರಿ ತೋಟ. ಮುನಿಯಪ್ಪನವರ ಮನೆ ನಮ್ಮ ಗೋಡೆಗೆ ಅಂಟಿಕೊಂಡಂತಿತ್ತು. ಒಂದು ಬೆಳಗ್ಗೆ ನಾನು ಒಲೆಯ ಮುಂದಿದ್ದಾಗ ಅಂಗಳದಲ್ಲಿ ಮಾವನವರು ಯಾರನ್ನೋ ಬಾಯಿಗೆ ಬಂದಂತೆ ಬಯ್ಯುವುದು ಕೇಳಿಸಿತು. ಇಣುಕಿದರೆ, ಕೈಯಲ್ಲಿ ಕೊಡಲಿ ಹಿಡಿದು ನಮ್ಮ ಹಲಸಿನ ಮರದ ಮುಂದೆ ನಿಂತಿದ್ದಾರೆ. "ಕುಡ್ದ ನೀರೆಲ್ಲ ದಂಡ! ಒಂದ್ ಪೀಚೂ ಇಲ್ಲ, ಕಾಯೂ ಇಲ್ಲ. ಇವತ್ತು ನಿನ್ನ ಬುಡ ಸಮೇತ ಉರುಳುಸ್ತೀನಿ!" ಎಂದು ಕೊಡಲಿ ಎತ್ತಿದರು. ನನಗೆ ಏನಾಯಿತೋ, ಕೈಯಲ್ಲಿ ಸೌಟು ಹಿಡಿದೇ ಓಡಿ ಹೋಗಿ ಕೊಡಲಿಯ ಕಾವಿಗೆ ಜೋತುಬಿದ್ದೆ. "ಬೇಡಿ ಮಾವ, ಕಡೀಬೇಡಿ! ಮುಂದಿನ ವರ್ಷ ಬಿಟ್ಟೇ ಬಿಡತ್ತೆ!"

ಮಾವನವರು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ನಿಂತರು. ಗೇಟಿನ ಹತ್ತಿರ ಒಬ್ಬರು, ಒಗೆದ ಬಿಳಿ ಅಂಗಿ ತೊಟ್ಟು, ತಲೆಗೆ ನೀರು ಹಾಕಿಕೊಂಡು ಬಂದ ಕಪ್ಪು ಕೂದಲಿನವರು, ಅರ್ಧ ಮುಗಿದ ಕೈ ಹಾಗೇ ಬಿಟ್ಟು ನನ್ನನ್ನು ನೋಡುತ್ತಿದ್ದರು. ಯಾರೆಂದು ತಿಳಿಯಲು ಅವರು ಬಾಯಿ ತೆರೆಯಬೇಕಾಯಿತು. "ಅಯ್ಯೋ ಗೌಡ್ರೇ! ನಿಮ್ ಸೊಸೆ ನನ್ ಕೆಲ್ಸಾನೇ ಕಿತ್ಕೊಂಬುಟ್ಲಲ್ರೀ!"

ಆ ಸೀಮೆಯಲ್ಲಿ ಕಾಯಿ ಬಿಡದ ಮರವನ್ನು ಹೀಗೆ ಹೆದರಿಸುವ ಪದ್ಧತಿ ಇತ್ತು. ಮನೆಯ ಯಜಮಾನ ಬಯ್ದು, ಕೊಡಲಿಯ ಹಿಂಬದಿಯಿಂದ ಮರಕ್ಕೆ ತಟ್ಟಬೇಕು. ಆಗ ಹೊರಗಿನವರೊಬ್ಬರು ಬಂದು ಮರದ ಪರವಾಗಿ ಬೇಡಿಕೊಳ್ಳಬೇಕು. "ಜಾಮೀನು ಯಾರು?" ಎಂದು ಯಜಮಾನ ಕೇಳಿದರೆ, "ನಾನು ಜಾಮೀನು" ಅನ್ನಬೇಕು. ಒಂದು ವರ್ಷದ ವಾಯಿದೆ. ಆ ಮಾತು ಬಿದ್ದ ಮೇಲೆ ಮರಕ್ಕೆ ಏಟು ಹಾಕಿದರೆ ಮನೆಗೆ ಕೇಡು ಎಂದು ಎಲ್ಲರೂ ನಂಬಿದ್ದರು. ಕೂಲಿಗೆ ಬಂದ ಮರ ಕಡಿಯುವವನೂ ಕೊಡಲಿ ಕೆಳಗಿಡುತ್ತಿದ್ದ. ಸುತ್ತಲಿನ ಕೋಗಿಲು, ಅಲ್ಲಾಳಸಂದ್ರ, ಎಲ್ಲಿ ಮರ ಹೆದರಿಸುವುದಿದ್ದರೂ ಬೇಡಿಕೊಳ್ಳಲು ಮುನಿಯಪ್ಪನವರಿಗೇ ಕರೆ ಬರುತ್ತಿತ್ತು.

ಏಕೆಂದರೆ ಅವರದು ಆಟವಾಗಿರಲಿಲ್ಲ. ನಾನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ತೊಗಟೆಯ ಮೇಲೆ ಕೈಯಿಟ್ಟು, ನಾವು ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ, "ಮಳೆ ಸರ್ಯಾಗ್ ಬರ್ನಿಲ್ಲ, ಅದಾದ್ರೂ ಏನ್ ಮಾಡೀತು? ಒಂದ್ ವರ್ಸ ಬುಡಿ ಸ್ವಾಮಿ. ನಾನ್ ಜಾಮೀನು" ಎನ್ನುವಾಗ ಅವರ ಕಣ್ಣು ನಿಜವಾಗಿಯೂ ತುಂಬುತ್ತಿತ್ತು. ಬಿಳಿ ಅಂಗಿ ಯಾಕೆಂದು ಕೇಳಿದ್ದಕ್ಕೆ, "ಇಟ್ಟಿನ್ ಮೈನಾಗ್ ಓದ್ರೆ ಮರ ಏನಂದ್ಕೊಂಡಾತು?" ಎಂದು ನನ್ನನ್ನೇ ಗದರಿದರು. ಮರುವರ್ಷವೂ ಮರ ಬಿಡದಿದ್ದರೆ ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿ ಬಂದು ಅದರ ಬುಡಕ್ಕೆ ನೀರು ಹೊಯ್ದು, ಮತ್ತೆ ಬೇಡಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಅವರಿಗೆ ಮರದ ವಕೀಲರು ಎಂದು ಹೆಸರಿಟ್ಟರು. ನಮ್ಮ ಹಲಸು ಮುಂದಿನ ಬೇಸಿಗೆಗೆ ಕಾಯಿ ಕಚ್ಚಿದಾಗ ಗೋಡೆಯ ಆಚೆಯಿಂದ ಮುನಿಯಪ್ಪನವರು ಕೂಗಿದರು: "ನೋಡ್ದೇನಮ್ಮ! ನಮ್ಮಿಬ್ರು ಮಾತ್ ಉಳುಸ್ತು!"

ಅವರ ಹೆಂಡತಿ ಕೆಂಪಮ್ಮ. ಅಷ್ಟು ಕೂಗುವ ಗಂಡನಿಗೆ ಅಷ್ಟು ಮೆಲುದನಿಯ ಹೆಂಡತಿ. ಊರೇ ಕೂಗಿದರೂ ಕೇಳದ ಆ ಕಿವಿಗೆ ಕೆಂಪಮ್ಮನವರು ಒಳಗಿನಿಂದ ಪಿಸುಗುಟ್ಟಿದ್ದು ಹೇಗೆ ಕೇಳುತ್ತಿತ್ತೋ ದೇವರೇ ಬಲ್ಲ. ಅವರ ಮನೆಯ ಮುಂದೆ ಎರಡು ಮರಗಳಿದ್ದವು. ಒಂದು ಹಳೆಯ ನೇರಳೆ. ಇನ್ನೊಂದು ಸಂಪಿಗೆ, ಕೆಂಪಮ್ಮನವರು ಮದುವೆಯಾಗಿ ಬರುವಾಗ ತವರು ಕೋಗಿಲಿನಿಂದ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಸಿ. ಅದು ಮನೆಗಿಂತ ಎತ್ತರವಾಗಿ ಬೆಳೆದಿತ್ತು, ಹೂವು ಮಾತ್ರ ಒಂದೂ ಬಿಟ್ಟಿರಲಿಲ್ಲ. "ಅವರು ಇದನ್ನೂ ಒಂದ್ಸಲ ಹೆದರಿಸಬಾರದಾ?" ಎಂದು ನಾನು ತಮಾಷೆ ಮಾಡಿದರೆ ಕೆಂಪಮ್ಮ ಸೆರಗಿನಲ್ಲಿ ನಗುತ್ತಿದ್ದರು. "ಅವ್ರು ಎದುರ್ಸಕ್ ಓದ್ರೆ ಮರಾನೇ ನಕ್ಬುಡ್ತದೆ ಕಣವ್ವ."

ಕೆಲವು ವರ್ಷಗಳ ಮೇಲೆ ಕೆಂಪಮ್ಮನವರಿಗೆ ಎದೆಯ ಕಾಯಿಲೆ ಬಂತು. ಮೊದಮೊದಲು ಕೆಮ್ಮು, ಆಮೇಲೆ ಸಂಜೆ ಸಂಜೆ ಜ್ವರ, ಆಮೇಲೆ ಹಾಸಿಗೆ. ಬೆಂಗಳೂರಿನ ಡಾಕ್ಟರು ಔಷಧಿ ಬರೆದುಕೊಟ್ಟು, ಇವರಿಗೆ ಬಿಸಿಲು ಗಾಳಿ ಎರಡೂ ಬೇಕು, ಬೆಳಕಿರುವ ಕೋಣೆಯಲ್ಲಿ ಮಲಗಿಸಿ ಎಂದರು. ಆ ಮನೆಯಲ್ಲಿ ಕಿಟಕಿ ಎಂಬುದು ಇದ್ದದ್ದು ಮುಂದಿನ ಕೋಣೆಗೆ ಮಾತ್ರ. ಹಿಂದೆ ಅಡುಗೆಯ ಹೊಗೆ, ಪಕ್ಕದಲ್ಲಿ ಕಾಳಿನ ಮೂಟೆಗಳು. ಮುಂದಿನ ಕೋಣೆಗೂ ಎರಡು ಮರಗಳು ಅಡ್ಡ ನಿಂತು ಹಗಲು ಹೊತ್ತಿನಲ್ಲೇ ಬುಡ್ಡಿ ಹಚ್ಚಬೇಕಾಗಿತ್ತು. ಶೆಟ್ಟಿಹಳ್ಳಿಗೆ ಕೊಟ್ಟಿದ್ದ ಮಗಳು ಬಂದವಳೇ, "ಎರಡನ್ನೂ ಕಡ್ಸಪ್ಪ, ಇದ್ರಲ್ಲಿ ಯೋಚ್ನೆ ಮಾಡೋದೇನೈತೆ?" ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು?

ಆದರೂ ಮುನಿಯಪ್ಪನವರು ಒಂದು ವಾರ ಸುಮ್ಮನೆ ಓಡಾಡಿದರು. ಗಿರಣಿಯಲ್ಲಿ ಅವರು ಅಕ್ಕಿಯ ಮೇಲೆ ರಾಗಿ ಸುರಿದು ಬೈಸಿಕೊಂಡರೆಂದು ನಮಗೆ ಸುದ್ದಿ ಬಂತು. ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತರು. "ಗೌಡ್ರೇ, ಕಂಡೋರ್ ಮರಕ್ಕೆಲ್ಲ ಬಾಯ್ ಬುಟ್ಟೆ. ನಂದಕ್ಕೆ ಯಾರ್ನ ಕೇಳನ?" ಮಾವನವರು, "ಎಂಡ್ರುಗಿಂತ ಮರ ಎಚ್ಚೇನಯ್ಯಾ?" ಎಂದರು. "ಅದ್ನೇ ನಾನೂ ಅಂದ್ಕೊಂಡೆ" ಎಂದು ಅವರು ಎದ್ದು ಹೋದರು. ಮಾರನೆಯ ದಿನವೇ ಮರ ಕಡಿಯುವವನು ಬಂದ.

ನೇರಳೆ ಬೀಳುವ ಹೊತ್ತಿಗೆ ಬೀದಿಯ ಅರ್ಧ ಜನ ಅಲ್ಲಿದ್ದೆವು. ಅದು ಬಿದ್ದಾಗ ಕೋಣೆಯ ಕಿಟಕಿಯ ಒಂದು ಮೂಲೆಗೆ ಬೆಳಕು ಬಂತು. ಮಂಚದ ಮೇಲೆ ಒರಗಿ ಕೂತಿದ್ದ ಕೆಂಪಮ್ಮ ನಮಗೆಲ್ಲ ಕಂಡರು. ಮುನಿಯಪ್ಪನವರು ಸಂಪಿಗೆಯ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟರು. ಹಿಂದೆ ಸರಿದು, "ಇದ್ಕೂ ಆಕಪ್ಪ" ಎಂದರು. ಅವನು ಕೊಡಲಿ ಎತ್ತಿದ.

"ಒಂದ್ ವರ್ಸ ಬುಡಿ" ಎಂದು ಕಿಟಕಿಯಿಂದ ದನಿ ಬಂತು. "ಈ ವರ್ಸ ಊವ ಬುಡ್ತದೆ. ನಾನ್ ಜಾಮೀನು."

ಕೊಡಲಿ ನೆಲಕ್ಕಿಳಿಯಿತು. ಮಗಳು, "ಅವ್ವಾ, ನಿಂಗೇನ್ ತಲೆ ಕೆಟ್ಟೈತಾ?" ಎಂದು ರೇಗಿದಳು. ನಾವೆಲ್ಲ ಮುನಿಯಪ್ಪನವರ ಮುಖ ನೋಡಿದೆವು. ಅವರು ಕಿಟಕಿಯ ಸರಳು ಹಿಡಿದುಕೊಂಡು, "ಕೆಂಪೀ, ನಿಂಗೆ ಬಿಸ್ಲು ಬೇಕಲ್ಲೇ" ಎಂದರು. "ನೇರಳೆ ಓಯ್ತಲ್ಲ, ಅಷ್ಟ್ ಬಿಸ್ಲು ಸಾಕು ನಂಗೆ" ಎಂದರು ಆಕೆ. ಎಲ್ಲರ ಮನೆಯಲ್ಲೂ ಮುನಿಯಪ್ಪನವರು ಆಡುತ್ತಿದ್ದ ಮಾತು ಈಗ ಅವರ ಮನೆಯೊಳಗಿನಿಂದಲೇ ಬಂದಿತ್ತು. ಇಲ್ಲವೆನ್ನಲು ಅವರಿಗೆ ಬರಲಿಲ್ಲ. ಕಡಿಯುವವನಿಗೆ, "ಬುಡಪ್ಪ" ಎಂದರು, ಮರಗಳ ಮುಂದೆ ಆಡುವ ಆ ಮೆತ್ತನೆಯ ದನಿಯಲ್ಲಿ.

ಮಧ್ಯಾಹ್ನ ಗಂಜಿ ಕೊಡಲು ಹೋದಾಗ ನನಗೂ ತಡೆಯಲಾಗಲಿಲ್ಲ. ಒಂದು ಹೂವಿನ ಆಸೆಗೆ ಜೀವ ಪಣಕ್ಕಿಡುತ್ತಾರೆಯೇ ಎಂದು ಬಯ್ದೇಬಿಟ್ಟೆ. ಕೆಂಪಮ್ಮ ನನ್ನ ಕೈ ಹಿಡಿದುಕೊಂಡರು. "ನಂಗ್ಯಾಕವ್ವ ಈಗ ಊವ. ನೇರಳೆ ಬಿದ್ದಾಗ ಅವ್ರ್ ಮಕ ನೋಡ್ದೆ. ಅಂಗಿರೋ ಮಕ ನಾನ್ ಯಾವತ್ತೂ ನೋಡಿರ್ನಿಲ್ಲ. ಇನ್ನೊಂದ್ಸಲ ನೋಡಕ್ ನನ್ ಕೈಲಾಗಲ್ಲ. ಅವ್ರಿಗ್ ಏಳ್ಬ್ಯಾಡ." ಅಷ್ಟಕ್ಕೇ ಅವರಿಗೆ ಏದುಸಿರು ಬಂತು.

ಮಳೆಗಾಲ ಮುಗಿಯುವ ಮೊದಲೇ ಕೆಂಪಮ್ಮ ಹೋದರು. ಸಂಪಿಗೆ ಹೂವು ಬಿಡಲಿಲ್ಲ. ಕಥೆಯಾಗಿದ್ದರೆ ಬಿಡುತ್ತಿತ್ತು. ಕಾಯಿಲೆ ಬಿಸಿಲಿಗೆಲ್ಲ ಬಗ್ಗುವ ಹಂತ ಎಂದೋ ದಾಟಿತ್ತು, ಮರ ಕಡಿಸಿದ್ದರೂ ಅಷ್ಟೇ ಎಂದು ಡಾಕ್ಟರು ನಮ್ಮ ಯಜಮಾನರಿಗೆ ಹೇಳಿದ್ದರು. ಅದನ್ನು ನಾನೇ ಮುನಿಯಪ್ಪನವರ ಕಿವಿಯ ಹತ್ತಿರ ಕೂಗಿ ಹೇಳಿದೆ. "ಊಂ ಊಂ" ಎಂದು ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ, ನಂಬಲಂತೂ ಇಲ್ಲ.

ಆಮೇಲೆ ಅವರು ಯಾವ ಮರಕ್ಕೂ ಬೇಡಿಕೊಳ್ಳಲು ಹೋಗಲಿಲ್ಲ. ಅಲ್ಲಾಳಸಂದ್ರದಿಂದ ಕರೆಯಲು ಬಂದವರನ್ನು ಬಾಗಿಲಲ್ಲೇ ಕೈಮುಗಿದು ಕಳಿಸಿದರು. ಅವರ ಗಂಟಲೂ ಅಡಗಿತು. ಎಂಜಿನ್ನಿನ ಸದ್ದಿನ ನಡುವೆ ಅವರು ಹೇಳಿದ್ದು ಕೇಳದೆ ಹೆಂಗಸರು, "ಏನಂದ್ರಿ? ಏನಂದ್ರಿ?" ಎನ್ನುತ್ತಿದ್ದರು. ನಮ್ಮ ಬೀದಿ ಎಷ್ಟು ಶಾಂತವಾಯಿತೆಂದರೆ ನನಗೆ ಸಹಿಸಲಾಗುತ್ತಿರಲಿಲ್ಲ.

ಆ ವಾಯಿದೆಯ ವರ್ಷ ತುಂಬಿದಾಗ ಗೋಡೆಯಾಚೆ ಕೊಡಲಿ ಮಸೆಯುವ ಸದ್ದು ಕೇಳಿ ಹೊರಗೆ ಬಂದೆ. ಅದೇ ಮರ ಕಡಿಯುವವನು. ಮುನಿಯಪ್ಪನವರು ತಲೆಗೆ ನೀರು ಹಾಕಿಕೊಂಡು, ಒಗೆದ ಬಿಳಿ ಅಂಗಿ ತೊಟ್ಟು ಸಂಪಿಗೆಯ ಮುಂದೆ ನಿಂತಿದ್ದರು. ಆಗ ಅವರ ಕೂದಲು ನಿಜವಾಗಿಯೇ ಬೆಳ್ಳಗಾಗಿತ್ತು. ನಾನು ಮತ್ತೆ ಓಡಿದೆ. "ಬೇಡಿ, ಕಡಿಸಬೇಡಿ. ಕೆಂಪಮ್ಮೋರು ಉಳಿಸಿದ ಮರ. ಇನ್ನೊಂದು ವರ್ಷ ಬಿಡಿ, ನಾನು..."

ಅವರು ಕೈ ಎತ್ತಿ ನನ್ನ ಮಾತನ್ನು ಅಲ್ಲೇ ನಿಲ್ಲಿಸಿದರು. "ಅನ್ಬ್ಯಾಡ ಕಣಮ್ಮ. ನೀನಂದ್ರೆ ಇವ್ನು ಕೊಡ್ಲಿ ಇಳುಸ್ತಾನೆ. ಅವಳ್ ಒಂದ್ ವರ್ಸ ಅಂದಿದ್ಲು, ಆಯ್ತು." ಸ್ವಲ್ಪ ತಡೆದು ಹೇಳಿದರು: "ಅವ್ಳಿಗೆ ಊವಿನ್ ಆಸೆ ಅಂತ ನಾನ್ ಸುಮ್ಕಾದೆ. ಅವತ್ತೇ ಕಡ್ಸಿದ್ರೆ ಬದುಕ್ತಿದ್ಲೇನೋ."

ಕೆಂಪಮ್ಮ ಹೇಳಿದ್ದು ನನ್ನ ನಾಲಗೆಯ ತುದಿಯವರೆಗೆ ಬಂತು. ಆಸೆ ಹೂವಿನದಲ್ಲ, ನಿಮ್ಮ ಮುಖ ನೋಡಲಾರದೆ ಹಾಗಂದರು ಎಂದು ಹೇಳಿದ್ದರೆ ಆ ಮನುಷ್ಯ ಅದನ್ನು ಹೊತ್ತುಕೊಂಡು ಹೇಗೆ ಬದುಕುತ್ತಿದ್ದರು? ಹೇಳಲಿಲ್ಲ. ಇವತ್ತಿಗೂ ಅದೇ ಸರಿ ಎಂದುಕೊಂಡಿದ್ದೇನೆ. ಗೋಡೆ ಹಿಡಿದುಕೊಂಡು ಅಳುತ್ತಾ ನಿಂತೆ, ಸಂಪಿಗೆ ಬಿತ್ತು.

ಅರವತ್ತರ ದಶಕದಲ್ಲಿ ನಮಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ಮುಂದೆ ನನಗೆ ಮುನಿಯಪ್ಪನವರನ್ನು ನೋಡಲಾಗಲಿಲ್ಲ. ಒಂದು ಬೇಸಿಗೆಯಲ್ಲಿ ತೀರಿಕೊಂಡರೆಂದು ಮಾವನವರು ಹೇಳಿ ಕಳಿಸಿದರು. ನಾವು ಊರು ಬಿಡಲು ಸಾಮಾನು ಕಟ್ಟಿದ ದಿನ ಬೆಳಗ್ಗೆ ಹೇಳಿಹೋಗಲು ಅವರ ಮನೆಗೆ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಕೆಂಪಮ್ಮನವರ ಮಂಚ, ಅದರ ಮೇಲೆ ಅವರದೇ ಕೌದಿ ಹರಡಿತ್ತು. ನಾನು ನೋಡುತ್ತಿದ್ದಂತೆ ಮುನಿಯಪ್ಪನವರು ಬಗ್ಗಿ, ಎರಡೂ ಕೈಯಲ್ಲಿ ಹಿಡಿದು, ಮಂಚವನ್ನು ಬಿಸಿಲಿನ ಕಡೆಗೆ ಒಂದಿಷ್ಟು ದೂರ ಎಳೆದರು. ಬಿಸಿಲು ಸರಿದಿತ್ತು. ನೆಲದ ಮೇಲೆ ಮಂಚದ ಕಾಲು ಉಜ್ಜಿದ ಗೆರೆಗಳಿದ್ದವು, ಕಿಟಕಿಯ ಬುಡದಿಂದ ಒಳಗೋಡೆಯವರೆಗೆ. ದಿನವೂ ಬೆಳಗ್ಗೆ ಹೀಗೇ ಮಾಡುತ್ತಿದ್ದರೆಂದು ಕಾಣುತ್ತದೆ.

ನನ್ನನ್ನು ನೋಡಿ ಏನೋ ಅಂದರು. ಕೇಳಿಸಲಿಲ್ಲ. ಹತ್ತಿರ ಹೋಗಿ ಬಗ್ಗಿದೆ. ಅವರು ಕೌದಿಯ ಮೇಲೆ ಕೈಯಾಡಿಸಿ, ಅದು ಬೆಚ್ಚಗಾಗಿದೆಯೇ ನೋಡಿ, ಮತ್ತೆ ಹೇಳಿದರು:

"ಬಿಸ್ಲು ಚೆನ್ನಾಗ್ ಬತ್ತದೆ ನೋಡಮ್ಮ ಈಗ."

ನೋಡಿದೆ. ಚೆನ್ನಾಗಿಯೇ ಬರುತ್ತಿತ್ತು.